ನಲವತ್ತು ಅಕ್ಷರ ಕಡಿಮೆ

ನನ್ನ ಹೆಸರು ಮು ಯುಶಿಯಾ. ಜಿಲ್ಲಾ ಪಟ್ಟಣದ ಹಾಸ್ಟೆಲ್ ಶಾಲೆಯಲ್ಲಿ ಇಪ್ಪತ್ತಮೂರು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಮಕ್ಕಳು ಬೆನ್ನ ಹಿಂದೆ ನನ್ನನ್ನು ಇಸ್ತ್ರಿಪೆಟ್ಟಿಗೆ ಎಂದು ಕರೆಯುತ್ತಾರೆ. ಬಿಸಿ ಜಾಸ್ತಿ, ಸುಕ್ಕು ಕಂಡರೆ ಸಹಿಸುವುದಿಲ್ಲ, ಅದಕ್ಕೆ. ಆ ಹೆಸರಿಟ್ಟ ಹುಡುಗನಿಗೆ ಈಗ ಮದುವೆಯಾಗಿ ಮಗಳಿದ್ದಾಳೆ. ಮೊನ್ನೆ ಹೊಸ ವರ್ಷಕ್ಕೆ ಫೋನು ಮಾಡಿ, "ಮಿಸ್, ಇನ್ನೂ ಬಿಸಿ ಇದೀರಾ?" ಅಂತ ಕೇಳಿದ. ಇದೀನಿ ಅಂದೆ.

ಆದರೆ ಎರಡು ವರ್ಷದ ಹಿಂದೆ ಎಂಟನೇ ಇಯತ್ತೆಯ ಮೂರನೇ ವಿಭಾಗದ ಮುಂದೆ ಈ ಇಸ್ತ್ರಿಪೆಟ್ಟಿಗೆ ತಣ್ಣಗಾದ ಒಂದು ದಿನವಿದೆ. ಅದನ್ನೇ ಹೇಳಹೊರಟಿದ್ದೇನೆ. ನನ್ನ ಕ್ಲಾಸಿನಲ್ಲಿ ಫಾನ್ ಚುನ್‌ಯೆ ಎಂಬ ಹುಡುಗಿಯಿದ್ದಳು. ಹದಿನಾಲ್ಕು ವರ್ಷ, ಮೂರನೇ ಸಾಲು, ಹೇಳದೆಯೇ ಬೋರ್ಡು ಒರೆಸುವವಳು. ಆ ಮಾರ್ಚಿನ ಒಂದು ಶನಿವಾರ ಹಾಸಿಗೆ ಸುತ್ತಿಕೊಂಡು ಊರಿಗೆ ಹೋಗಿ ಮತ್ತೆ ಶಾಲೆಗೆ ಬರುವುದೇ ಬೇಡ ಎಂದು ಅವಳು ತೀರ್ಮಾನಿಸಿದ್ದಳು. ಯಾರಿಗೂ ಹೇಳಿರಲಿಲ್ಲ. ನನಗಂತೂ ವಾಸನೆಯೂ ಬಡಿದಿರಲಿಲ್ಲ. ನಾನು ಆಗ ಬೇರೆ ದೊಡ್ಡ ಕೆಲಸದಲ್ಲಿದ್ದೆ: ಕ್ಲಾಸಿನ ಮರ್ಯಾದೆ ಕಾಯುತ್ತಿದ್ದೆ.

ಆ ತಿಂಗಳ ಮೊದಲ ಸೋಮವಾರ ಹೆಡ್ಮಾಸ್ಟರ್ ಔಯಾಂಗ್ ಮೀಟಿಂಗ್ ಕರೆದಿದ್ದರು.

"ಮಕ್ಕಳ ಮನಸ್ಸು ಎಷ್ಟು ಗಟ್ಟಿ ಅಂತ ಅಳೀತಾರಂತೆ," ಅಂದರು. "ಬಿದ್ರೆ ಎದ್ದೇಳ್ತಾರೋ, ಬಿದ್ದಲ್ಲೇ ಬಿದ್ದಿರ್ತಾರೋ ಅಂತ. ಪ್ರಾಂತದ ವಿಶ್ವವಿದ್ಯಾಲಯದವರು ಪ್ರಶ್ನೆಪತ್ರಿಕೆ ಕಳಿಸ್ತಾರೆ. ಹನ್ನೊಂದು ಶಾಲೆಗೆ ಕೊಡ್ತಾರೆ. ನಮ್ಮದು ಕೊನೇಲಿ ಬರ್ಬಾರ್ದು, ಅಷ್ಟೇ."

ನನ್ನ ಕಿವಿಗೆ ಬಿದ್ದದ್ದು ಆ ಕೊನೆಯ ಮಾತೊಂದೇ. ನನ್ನ ಕ್ಲಾಸಿನ ಬಾಗಿಲ ಮೇಲೆ ಸತತ ಏಳು ವಾರ ಕೆಂಪು ಬಾವುಟ ನೇತಾಡುತ್ತಿತ್ತು. ವಾರದ ಅತ್ಯುತ್ತಮ ಕ್ಲಾಸಿಗೆ ಕೊಡುವ ಬಾವುಟ ಅದು. ಮನಸ್ಸಿನ ಗಟ್ಟಿತನದಲ್ಲಿ ನಾವು ಹಿಂದೆ ಬೀಳುವುದೆಂದರೇನು? ಹೆಡ್ಮಾಸ್ಟರ ಮೇಜಿನ ಮೇಲೆ ಪ್ರಶ್ನೆಪತ್ರಿಕೆಯ ಒಂದು ಪ್ರತಿ ಇತ್ತು. ಟೀ ಲೋಟ ಅದರ ಮೇಲಿಟ್ಟಿದ್ದರು. ಲೋಟದ ಮೇಲಕ್ಕೆ ಕಂಡಷ್ಟನ್ನು ನಾನು ಓದಿಕೊಂಡೆ. ಇಪ್ಪತ್ತೇಳು ವಾಕ್ಯಗಳು. ಪ್ರತಿಯೊಂದರ ಮುಂದೆ ಒಂದರಿಂದ ಐದರವರೆಗೆ ಅಂಕೆ. ಒಂದು ಎಂದರೆ ನನಗೆ ಹೊಂದುವುದೇ ಇಲ್ಲ, ಐದು ಎಂದರೆ ಪೂರ್ತಿ ಹೊಂದುತ್ತದೆ. ಮೊದಲ ವಾಕ್ಯ: ಸೋತರೂ ನಾನು ಮತ್ತೆ ಪ್ರಯತ್ನಿಸುತ್ತೇನೆ. ಎರಡನೆಯದು: ನನ್ನ ಮುಂದೆ ಗುರಿಯೊಂದಿದೆ. ಮೂರನೆಯದು: ಕಷ್ಟ ಮನುಷ್ಯನನ್ನು ಬೆಳೆಸುತ್ತದೆ. ಇಷ್ಟು ಸಾಕಾಯಿತು ನನಗೆ. ಐದೇ ಐದು, ಇನ್ನೇನಿದೆ ಅದರಲ್ಲಿ!

ಗುರುವಾರ ಮಧ್ಯಾಹ್ನ ಮನಸ್ಸಿನ ಆರೋಗ್ಯದ ಪಿರಿಯಡ್ ಇರುತ್ತದೆ. ವೇಳಾಪಟ್ಟಿಯಲ್ಲಿ ಮಾತ್ರ ಇರುತ್ತದೆ. ಆ ಹೊತ್ತಿಗೆ ನಾನು ಯಾವಾಗಲೂ ಬೀಜಗಣಿತ ಮಾಡಿಸುತ್ತಿದ್ದೆ. ಅವತ್ತು ಮಾತ್ರ ಬೀಜಗಣಿತ ಬಿಟ್ಟೆ.

"ನಾಳೆ ಒಂದು ಹಾಳೆ ಬರುತ್ತೆ," ಅಂದೆ. "ಎಲ್ಲದಕ್ಕೂ ಐದಕ್ಕೆ ಸುತ್ತು ಹಾಕಿ. ಎಲ್ಲರದ್ದೂ ಒಂದೇ ಥರ ಇದ್ರೆ ಅನುಮಾನ ಬರುತ್ತೆ. ಅದಕ್ಕೆ ಹಾಜರಿಯಲ್ಲಿ ಬೆಸ ನಂಬರಿನವರು ಏಳನೇದಕ್ಕೆ ನಾಲ್ಕು ಹಾಕಿ, ಸಮ ನಂಬರಿನವರು ಇಪ್ಪತ್ತನೇದಕ್ಕೆ."

ಕ್ಲಾಸ್ ಲೀಡರ್ ಚೈ ಮಿನ್ ಎದ್ದು ನಿಂತಳು. ಗುಂಡು ಕೆನ್ನೆಯ, ದೊಡ್ಡ ಗಂಟಲಿನ ಹುಡುಗಿ. "ಮಿಸ್, ಇದಕ್ಕೆ ಮಾರ್ಕ್ಸ್ ಇದೆಯಾ?"

"ಮಾರ್ಕ್ಸ್ ಇಲ್ಲ. ಮಾನ ಇದೆ."

"ನಮಗೆ ನಿಜವಾಗ್ಲೂ ಬೇರೆ ಥರ ಅನ್ನಿಸಿದ್ರೆ?"

"ಅನ್ನಿಸೋದನ್ನ ಬೇಸಿಗೆ ರಜಕ್ಕೆ ಇಟ್ಕೊ."

ಎಲ್ಲರೂ ನಕ್ಕರು. ಚುನ್‌ಯೆಯೂ ನಕ್ಕಳೋ ಇಲ್ಲವೋ ನಾನು ನೋಡಲಿಲ್ಲ. ಶುಕ್ರವಾರ ಹಾಳೆಗಳು ಬಂದವು, ಹೆಸರು ಬರೆಯುವಂತಿರಲಿಲ್ಲ, ಹತ್ತೇ ನಿಮಿಷದಲ್ಲಿ ಐವತ್ತೊಂದೂ ಮಕ್ಕಳು ಮುಗಿಸಿ ಡಬ್ಬಿಗೆ ಹಾಕಿದರು. ನಾನು ಕೈಕಟ್ಟಿ ಸಾಲಿನ ನಡುವೆ ಓಡಾಡುತ್ತಿದ್ದೆ. ಬಾವುಟ ಎಂಟನೇ ವಾರಕ್ಕೂ ನಮ್ಮದೇ ಎಂದುಕೊಂಡೆ.

ಮುಂದಿನ ಬುಧವಾರ ವಿಶ್ವವಿದ್ಯಾಲಯದಿಂದ ಲುವೋ ಜಿಂಗ್ ಎಂಬ ಹುಡುಗಿ ಬಂದಳು. ಇಪ್ಪತ್ತಾರಿರಬಹುದು, ಬೆನ್ನಿಗೆ ಚೀಲ, ಕಾಲಿಗೆ ಕೆಸರು ಮೆತ್ತಿದ ಬೂಟು. ಸ್ಟಾಫ್ ರೂಮಿನಲ್ಲಿ ನನ್ನೆದುರು ಕೂತು ಹಾಳೆಗಳ ಕಟ್ಟು ಬಿಚ್ಚಿದಳು.

"ಮೇಡಂ, ನಿಮ್ಮ ಕ್ಲಾಸು ನನ್ನ ತಲೆ ಕೆಡಿಸಿಬಿಟ್ಟಿದೆ."

"ಅಷ್ಟು ಚೆನ್ನಾಗಿ ಮಾಡಿದಾರಾ?"

ಅವಳು ತುಟಿ ಕಚ್ಚಿಕೊಂಡಳು. ನಗು ತಡೆಯುತ್ತಿದ್ದಾಳೆ ಎಂದು ಆಮೇಲೆ ತಿಳಿಯಿತು. "ಒಂದನೇ ವಾಕ್ಯ ನೋಡಿ. ಸೋತರೂ ಮತ್ತೆ ಪ್ರಯತ್ನಿಸ್ತೀನಿ. ಐದು. ಐದನೇ ವಾಕ್ಯ ನೋಡಿ. ಸೋತರೆ ನನ್ನ ಕಥೆ ಮುಗೀತು ಅನ್ಸುತ್ತೆ. ಅದಕ್ಕೂ ಐದು. ಇಲ್ಲಿ, ಮನೇಲಿ ನನ್ನ ಮಾತು ಕೇಳ್ತಾರೆ, ಐದು. ಇಲ್ಲಿ, ಮನೇಲಿ ನನ್ನ ಮಾತು ಯಾರೂ ಕೇಳಲ್ಲ, ಐದು. ಇಪ್ಪತ್ತೇಳರಲ್ಲಿ ಹನ್ನೆರಡು ವಾಕ್ಯ ತಿರುಗುಮುರುಗು ಇರ್ತಾವೆ ಮೇಡಂ. ಮಕ್ಕಳು ಓದಿ ಉತ್ತರ ಕೊಡ್ತಿದಾರೋ ಇಲ್ವೋ ಗೊತ್ತಾಗ್ಲಿ ಅಂತ."

ನನ್ನ ಕಿವಿ ಕಾದವು. ಬೀಜಗಣಿತದಲ್ಲಿ ಋಣ ಚಿಹ್ನೆ ನೋಡದೆ ಲೆಕ್ಕ ಮಾಡಿದವರನ್ನು ನಿಲ್ಲಿಸಿ ಬೈಯುವವಳು ನಾನು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಬಚ್ಚಲಿಗೆ ಬಿತ್ತಂತೆ.

"ಐವತ್ತು ಹಾಳೆ ಹೀಗಿವೆ," ಅಂದಳು ಲುವೋ. ಈಗ ಅವಳ ಮುಖದಲ್ಲಿ ನಗುವಿರಲಿಲ್ಲ. "ಒಂದು ಮಾತ್ರ ಬೇರೆ."

ಆ ಹಾಳೆಯನ್ನು ನನ್ನ ಮುಂದಿಟ್ಟಳು. ಎರಡು, ಮೂರು, ಒಂದು, ನಾಲ್ಕು. ಯಾರೋ ಪ್ರತಿ ವಾಕ್ಯವನ್ನೂ ಓದಿ ಯೋಚಿಸಿ ಸುತ್ತು ಹಾಕಿದ್ದರು. ಹದಿನಾಲ್ಕನೆಯದು ಹೀಗಿತ್ತು: ಕಷ್ಟ ಬಂದಾಗ ಹೇಳಿಕೊಳ್ಳಲು ನನಗೊಬ್ಬರು ದೊಡ್ಡವರಿದ್ದಾರೆ. ಅದರ ಮುಂದೆ ಮೊದಲು ಐದಕ್ಕೆ ಸುತ್ತು ಹಾಕಿ, ರಬ್ಬರಿನಿಂದ ಅಳಿಸಿ, ಒಂದಕ್ಕೆ ಹಾಕಲಾಗಿತ್ತು. ಪೆನ್ಸಿಲು ಒತ್ತಿದ ರಭಸಕ್ಕೆ ಹಾಳೆ ತೂತಾಗಿತ್ತು.

"ಕೊಡಿಲ್ಲಿ," ಅಂದೆ. "ಯಾರದು ಅಂತ ಸಂಜೆಯೊಳಗೆ ಕಂಡುಹಿಡೀತೀನಿ."

"ಬೇಡ ಮೇಡಂ." ಹಾಳೆಯ ಮೇಲೆ ಅಂಗೈ ಇಟ್ಟಳು. "ಹೆಸರು ಕೇಳಲ್ಲ ಅಂತ ಮಾತು ಕೊಟ್ಟು ಬರೆಸಿಕೊಂಡಿದ್ದು. ಈಗ ಬೆನ್ನು ಹತ್ತಿದ್ರೆ ಆ ಮಗು ಇನ್ನು ಜನ್ಮದಲ್ಲಿ ಯಾವ ಹಾಳೇಲೂ ನಿಜ ಬರೆಯಲ್ಲ. ಶುಕ್ರವಾರ ಇನ್ನೊಂದು ಸಲ ಬರೆಸೋಣ. ನೀವು ರೂಮಿನ ಹೊರಗಿರಿ. ಅದಕ್ಕೆ ಮೊದಲು ಮಕ್ಕಳಿಗೆ ಏನಾದ್ರೂ ಹೇಳಿ. ಏನು ಅಂತ ನಿಮಗೇ ಗೊತ್ತು."

ನನಗಿಂತ ಇಪ್ಪತ್ತು ವರ್ಷ ಚಿಕ್ಕವಳು. ಸಿಟ್ಟು ಬಂತು. ಸಿಟ್ಟು ಬಂದದ್ದು ಅವಳ ಮೇಲಲ್ಲ ಎಂದು ತಿಳಿಯಲು ಒಂದು ಬಟ್ಟಲು ಹುಳಿನೀರಿನ ನೂಡಲ್ಸ್ ಮುಗಿಯುವಷ್ಟು ಹೊತ್ತು ಬೇಕಾಯಿತು.

ನಮ್ಮ ಶಾಲೆಗಳಲ್ಲಿ ತಪ್ಪೊಪ್ಪಿಗೆ ಪತ್ರ ಎಂಬುದೊಂದಿದೆ. ತಡವಾಗಿ ಬಂದವರು, ಹೊಡೆದಾಡಿದವರು, ಪಾಠದ ನಡುವೆ ಸೂರ್ಯಕಾಂತಿ ಬೀಜ ಕಡಿದವರು ಎಂಟುನೂರು ಅಕ್ಷರ ಬರೆದು ಎಲ್ಲರ ಮುಂದೆ ಓದಬೇಕು. ಏನು ಮಾಡಿದೆ, ಯಾಕೆ ಮಾಡಿದೆ, ಯಾರಿಗೆ ನೋವಾಯಿತು, ಮುಂದೇನು ಮಾಡುತ್ತೇನೆ. ನನ್ನ ಕ್ಲಾಸಿನಲ್ಲಿ ಅಕ್ಷರ ಎಣಿಸುವ ಕೆಲಸ ಚೈ ಮಿನ್‌ಳದು. ಏಳುನೂರ ತೊಂಬತ್ತಿದ್ದರೂ ವಾಪಸ್. ಹೀಗೆ ಎಷ್ಟು ಮಕ್ಕಳ ಕೈಯಲ್ಲಿ ಬರೆಸಿದ್ದೇನೋ ಲೆಕ್ಕವಿಲ್ಲ. ನಾನು ಒಂದನ್ನೂ ಬರೆದಿರಲಿಲ್ಲ.

ಶುಕ್ರವಾರ ಬೆಳಿಗ್ಗೆ ಮೊದಲ ಪಿರಿಯಡ್. ಮೇಜಿನ ಹಿಂದಿನಿಂದ ಎದ್ದು ಮುಂದೆ ಬಂದೆ. ತಪ್ಪು ಮಾಡಿದವರು ನಿಲ್ಲುವ ಜಾಗದಲ್ಲೇ, ಕಸದ ಬುಟ್ಟಿಯ ಪಕ್ಕ ನಿಂತೆ. ಹಾಳೆ ತೆಗೆದೆ.

"ತಪ್ಪೊಪ್ಪಿಗೆ. ಬರೆದವರು ಮು ಯುಶಿಯಾ," ಎಂದು ಓದಿದೆ.



"ನಿಮ್ಮ ಮನಸ್ಸು ಹೇಗಿದೆ ಎಂದು ಕೇಳಲು ದೂರದಿಂದ ಒಬ್ಬರು ಬಂದರು. ಅದಕ್ಕೆ ನೀವೇ ಉತ್ತರ ಕೊಡಬೇಕಿತ್ತು. ನಾನು ನಿಮ್ಮ ಬಾಯಿ ಮುಚ್ಚಿಸಿ ನನ್ನ ಉತ್ತರ ಬರೆಸಿದೆ. ಬಾಗಿಲ ಮೇಲಿನ ಬಾವುಟಕ್ಕಾಗಿ ಹಾಗೆ ಮಾಡಿದೆ. ನಾನು ಪ್ರಶ್ನೆಗಳನ್ನೂ ಪೂರ್ತಿ ಓದಿರಲಿಲ್ಲ. ನಿಮ್ಮಲ್ಲಿ ಒಬ್ಬರು ನನ್ನ ಮಾತು ಮೀರಿ ನಿಜ ಬರೆದಿದ್ದೀರಿ. ಯಾರೆಂದು ನನಗೆ ಗೊತ್ತಿಲ್ಲ, ಹುಡುಕುವುದೂ ಇಲ್ಲ. ಹೇಳಿಕೊಳ್ಳಲು ದೊಡ್ಡವರು ಯಾರೂ ಇಲ್ಲ ಎಂದು ನೀವು ಬರೆದಿರಿ. ದಿನಕ್ಕೆ ಹನ್ನೆರಡು ಗಂಟೆ ನಾನು ನಿಮ್ಮೆದುರೇ ಇರುತ್ತೇನೆ. ಆದರೂ ನೀವು ಹಾಗೆ ಬರೆಯುವಂತಾಯಿತಲ್ಲ, ಅದು ನನ್ನ ಎರಡನೇ ತಪ್ಪು. ಅದು ಮೊದಲನೆಯದಕ್ಕಿಂತ ದೊಡ್ಡದು."

ಇನ್ನೂ ಇತ್ತು, ಓದಿ ಮುಗಿಸಿದೆ. ಕಣ್ಣೆತ್ತಲು ಧೈರ್ಯ ಸಾಲಲಿಲ್ಲ. ಚೈ ಮಿನ್ ಎದ್ದು ಬಂದು, ದಿನದಂತೆ ಕೈ ಚಾಚಿದಳು. ನಾನು ಹಾಳೆ ಕೊಟ್ಟೆ. ಕಿಟಕಿಯ ಬಳಿ ನಿಂತು ತುಟಿಯಲ್ಲೇ ಎಣಿಸಿದಳು. ಎರಡು ಸಲ.

"ಮಿಸ್... ಏಳುನೂರ ಅರವತ್ತು."

"ಏನು?"

"ಅಕ್ಷರ. ನಲವತ್ತು ಕಡಿಮೆ. ರೂಲ್ಸ್ ಪ್ರಕಾರ ವಾಪಸ್."

"ಪೂರ್ಣವಿರಾಮ ಎಲ್ಲ ಸೇರಿಸಿ ಎಣಿಸು."

"ಪೂರ್ಣವಿರಾಮ ಲೆಕ್ಕಕ್ಕಿಲ್ಲ ಅಂತ ನೀವೇ ಹೇಳಿದ್ದು ಮಿಸ್."

ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು. ಆಮೇಲೆ ಇಡೀ ಕ್ಲಾಸು ನಗೆಯಲ್ಲಿ ಮುಳುಗಿತು, ನಾನೂ ಮುಳುಗಿದೆ. ಉಳಿದ ನಲವತ್ತನ್ನು ಆಮೇಲೆ ಕೊಡುತ್ತೇನೆ ಎಂದು ಗಡುವು ಕೇಳಿದೆ. ಚೈ ಮಿನ್ ದೊಡ್ಡ ಮನಸ್ಸು ಮಾಡಿ ಒಪ್ಪಿದಳು.

ಲುವೋ ಹೊಸ ಹಾಳೆ ಹಂಚಿದಳು. ನಾನು ಹೊರಗೆ ವರಾಂಡದಲ್ಲಿ ನಿಂತೆ. ಈ ಸಲ ಹತ್ತು ನಿಮಿಷಕ್ಕೆ ಮುಗಿಯಲಿಲ್ಲ. ಮೂವತ್ತೈದು ನಿಮಿಷ ಹಿಡಿಯಿತು. ಮಕ್ಕಳು ಒಬ್ಬೊಬ್ಬರಾಗಿ ಡಬ್ಬಿಗೆ ಹಾಕಿ ಆಟದ ಬಯಲಿಗೆ ಇಳಿದರು. ಕೊನೆಗೆ ಬಂದವಳು ಚುನ್‌ಯೆ. ಹಾಳೆ ಇನ್ನೂ ಅವಳ ಕೈಯಲ್ಲೇ ಇತ್ತು.

"ಮಿಸ್, ಒಂದಕ್ಕೆ ಉತ್ತರ ಹಾಕಿಲ್ಲ."

"ಗೊತ್ತಾಗದಿದ್ರೆ ಬಿಡು ಮಗಳೇ. ನನ್ನನ್ನ ಕೇಳ್ಬೇಡ, ಇನ್ನೊಂದು ಸಲ ಹೇಳಿಕೊಡಲ್ಲ."

"ಇದನ್ನ ನಿಮ್ಮನ್ನೇ ಕೇಳ್ಬೇಕು." ಹಾಳೆಯ ಮೇಲೆ ಬೆರಳಿಟ್ಟು ತೋರಿಸಿದಳು. ಹದಿನಾಲ್ಕನೆಯದು. "ಹೋದ ಸಲ ಒಂದು ಹಾಕಿದ್ದೆ. ಈಗ ಎಷ್ಟು ಹಾಕ್ಲಿ?"

ಅಷ್ಟು ವರ್ಷದಲ್ಲಿ ನನ್ನನ್ನು ಯಾರೂ ಇಂಥ ಪ್ರಶ್ನೆ ಕೇಳಿರಲಿಲ್ಲ. ಐದು ಹಾಕು ಎನ್ನಲು ಬಾಯಿ ಬರಲಿಲ್ಲ.

"ಈಗ ಖಾಲಿ ಬಿಡು," ಅಂದೆ. "ಮೊದಲು ಏನಾಯ್ತು ಹೇಳು. ನಂಬರು ಆಮೇಲೆ ನೋಡೋಣ."

ಮೆಟ್ಟಿಲ ಮೇಲೆ ಕೂತು ಹೇಳಿದಳು. ತಾಯಿ ಅವಳಿಗೆ ಐದು ವರ್ಷವಿದ್ದಾಗಲೇ ತೀರಿಕೊಂಡಿದ್ದಳು. ಅಪ್ಪ ದೂರದ ಶಿಂಜಿಯಾಂಗಿನಲ್ಲಿ ಸುರಂಗ ಕೊರೆಯುವ ಕೆಲಸದಲ್ಲಿದ್ದ. ಊರಲ್ಲಿ ಅಜ್ಜಿ ಒಬ್ಬಳೇ. ಫೆಬ್ರವರಿಯಲ್ಲಿ ಹಿಮದ ಮೇಲೆ ಜಾರಿ ಬಿದ್ದ ಅಜ್ಜಿ ಆಮೇಲೆ ಎದ್ದಿಲ್ಲ. ಪಕ್ಕದ ಮನೆಯ ಅತ್ತೆ ಊಟ ಕೊಟ್ಟು ಮೈ ಒರೆಸುತ್ತಿದ್ದಳು. ಆ ಅತ್ತೆ ಈ ಭಾನುವಾರ ಮಗಳ ಬಾಣಂತನಕ್ಕೆ ಹೊರಡುತ್ತಾಳೆ.

"ಅದಕ್ಕೆ ನಾಳೆ ನಾನು ಹೋದವಳು ಬರಲ್ಲ ಮಿಸ್. ಹಾಸಿಗೆ ಕಟ್ಟಿಟ್ಟಿದೀನಿ."

"ಅಪ್ಪನಿಗೆ ಗೊತ್ತಾ?"

"ಹೇಳಬಾರ್ದು ಅಂತ ಅಜ್ಜಿ ಆಣೆ ಹಾಕಿಸ್ಕೊಂಡಿದಾರೆ. ಸುರಂಗದಲ್ಲಿರೋನ ಮನಸ್ಸು ಕೆಟ್ರೆ ಕೈ ತಪ್ಪುತ್ತೆ ಅಂತಾರೆ."

ಶನಿವಾರ ನಾನೂ ಅವಳ ಜೊತೆ ಹೋದೆ. ಹಾಸಿಗೆ ಹಾಸ್ಟೆಲಿನಲ್ಲೇ ಇರಲಿ ಎಂದೆ. ಎರಡು ಗಂಟೆ ಬಸ್ಸು, ಆಮೇಲೆ ಜುಮ್ಮನಕಾಯಿ ತೋಟಗಳ ನಡುವೆ ಏರುದಾರಿ. ನಮ್ಮ ಕಡೆಯ ಬದುಕೆಲ್ಲ ನಾಲಿಗೆ ಜುಮ್ಮೆನ್ನಿಸುವ ಆ ಕಾಯಿಯ ಮೇಲೆಯೇ ನಿಂತಿದೆ. ದಾರಿಯಲ್ಲಿ ಅವಳಿಗೆ ಒಂದೇ ಮಾತು ಹೇಳಿದೆ: "ಅಪ್ಪನಿಗೆ ನೀನೇ ಹೇಳ್ಬೇಕು. ನಾನು ಪಕ್ಕದಲ್ಲಿರ್ತೀನಿ."

ಅಜ್ಜಿ ಕೆಳಗೆ ಬೆಂಕಿ ಹಾಕಿ ಬೆಚ್ಚಗಿಡುವ ಇಟ್ಟಿಗೆ ಮಂಚದ ಮೇಲೆ ಒಂದು ಮಗ್ಗುಲಾಗಿ ಮಲಗಿದ್ದಳು. ಮಲಗಿದಲ್ಲೇ ಮೊರವಿಟ್ಟುಕೊಂಡು ಒಣಗಿದ ಜುಮ್ಮನಕಾಯಿಯಿಂದ ಬೀಜ ಬೇರ್ಪಡಿಸುತ್ತಿದ್ದಳು. ನನ್ನನ್ನು ಕಂಡದ್ದೇ ತಡ, ಏಳಲು ಹೋಗಿ ಹಲ್ಲು ಕಚ್ಚಿದಳು.

"ಅಯ್ಯೋ, ಟೀಚರಮ್ಮ ಬಂದಿದಾರೆ! ಚುನ್‌ಯೆ, ಆಲೂಗಡ್ಡೆ ಮುದ್ದೆ ತಿರುವು. ನನಗೇನಾಗಿದೆ ಟೀಚರಮ್ಮ, ಎಲ್ಲ ಚೆನ್ನಾಗಿದೆ. ಮುದುಕಿ ಸೋಮಾರಿಯಾಗಿದೀನಿ ಅಷ್ಟೇ."

ಮಧ್ಯಾಹ್ನ ಫೋನು ಬಂತು. ಮಗ ಪ್ರತಿ ಶನಿವಾರ ಮಾಡುತ್ತಾನಂತೆ.

"ಚೆನ್ನಾಗಿದೀನಿ ಮಗ," ಅಂದಳು ಅಜ್ಜಿ, ದನಿಗೆ ಹುಷಾರು ತುಂಬಿಕೊಂಡು. "ಹೂಂ, ಓಡಾಡ್ತಿದೀನಿ. ಬೆಳಿಗ್ಗೆ ಗಿಡ ಸವರೋಕೂ ಹೋಗಿದ್ದೆ. ಚುನ್‌ಯೆ ಚೆನ್ನಾಗಿದಾಳೆ. ಊಟ ಚೆನ್ನಾಗಿದೆ. ನೀನು ಹೇಗಿದೀಯ? ಚೆನ್ನಾಗಿದೀಯಲ್ಲ, ಅಷ್ಟು ಸಾಕು."

ನಾನು ಕೂತಲ್ಲೇ ಎಣಿಸಿದೆ. ಐದು, ಐದು, ಐದು, ಐದು. ನನ್ನ ಕ್ಲಾಸಿನ ಐವತ್ತು ಹಾಳೆಗಳೇ ಈ ಮಂಚದ ಮೇಲೆ ಮಲಗಿ ಮಾತಾಡುತ್ತಿದ್ದವು. ನಾವೆಲ್ಲ ಹೀಗೇ ಬೆಳೆದವರು, ದೂರದಲ್ಲಿರುವವರಿಗೆ ಒಳ್ಳೆಯ ಸುದ್ದಿ ಮಾತ್ರ ಮುಟ್ಟಿಸುತ್ತೇವೆ. ನನ್ನ ತಾಯಿ ಹೋದದ್ದೂ ಹಾಗೆಯೇ. ಅವಳಿಗೆ ಹುಷಾರಿಲ್ಲ ಎಂದು ನನಗೆ ತಿಳಿಯುವ ಹೊತ್ತಿಗೆ ಹನ್ನೊಂದು ದಿನ ತಡವಾಗಿತ್ತು.

ಚುನ್‌ಯೆ ನನ್ನ ಮುಖ ನೋಡಿದಳು. ನಾನು ತಲೆಯಾಡಿಸಿದೆ. ಅವಳು ಫೋನು ತೆಗೆದುಕೊಂಡಳು.

"ಅಪ್ಪಾ, ಅಜ್ಜಿ ಸುಳ್ಳು ಹೇಳ್ತಿದಾರೆ. ಬಿದ್ದುಬಿಟ್ಟಿದಾರೆ. ಎದ್ದೇಳೋಕೆ ಆಗ್ತಿಲ್ಲ."

ಅಜ್ಜಿ ಕೈಬೀಸಿ ಬೈದಳು, ಮೊರ ಮಗುಚಿತು, ಕಾಯಿಗಳು ಮಂಚದ ಮೇಲೆಲ್ಲ ಚೆಲ್ಲಿದವು. ಫೋನಿನ ಸ್ಪೀಕರಿನಲ್ಲಿ ಅಪ್ಪನ ದನಿ ಬಂತು.

"ಎಷ್ಟು ದಿನ ಆಯ್ತು?"

"ಮೂವತ್ತೆಂಟು."

"ನೀನೊಬ್ಬಳೇ ಇಷ್ಟು ದಿನ..." ಅಂದ. ಆಮೇಲೆ, "ಬರ್ತಿದೀನಿ," ಅಂದ. "ಅಜ್ಜಿ ಹತ್ರ ಹೇಳು, ಸುರಂಗ ಎಲ್ಲೂ ಓಡಿಹೋಗಲ್ಲ."

ಅವನು ಬರುವವರೆಗೆ ಎರಡು ದಿನ ನಾನೂ ಅಲ್ಲೇ ಉಳಿದೆ. ಅಜ್ಜಿಯನ್ನು ದೊಡ್ಡಾಸ್ಪತ್ರೆಗೆ ಹೊತ್ತುಕೊಂಡು ಹೋದ. ಸೊಂಟದ ಮೂಳೆ ಮುರಿದಿತ್ತು, ಆಪರೇಷನ್ ಆಯಿತು. ಚುನ್‌ಯೆ ಮೂರು ದಿನ ಮಾತ್ರ ಕ್ಲಾಸು ತಪ್ಪಿಸಿಕೊಂಡಳು. ಶಾಲೆಯ ಹಿಂದಿನ ಹಳೇ ಕ್ವಾರ್ಟರ್ಸಿನಲ್ಲಿ ನೆಲಮಹಡಿಯ ಒಂದು ಕೋಣೆ ಖಾಲಿಯಿತ್ತು. ಅದರ ಬೀಗದ ಕೈ ಕೇಳಿದಾಗ ಹೆಡ್ಮಾಸ್ಟರ್ ಗೊಣಗಿದರು, ಗೊಣಗುತ್ತಲೇ ಮೇಜಿನ ಡ್ರಾಯರು ಎಳೆದರು. ಏಪ್ರಿಲ್ ನಡುವಿಗೆ ಅಜ್ಜಿ ಆ ಕೋಣೆಗೆ ಬಂದಳು, ಮೊಮ್ಮಗಳು ಹಾಸಿಗೆ ಬಿಚ್ಚಿ ಅಲ್ಲಿ ಹಾಸಿದಳು. ಅಪ್ಪ ಈ ಹಂಗಾಮು ಊರಲ್ಲೇ ಇದ್ದು ಗಿಡ ನೋಡಿಕೊಳ್ಳುವುದು ಎಂದಾಯಿತು. ಅಜ್ಜಿ ಕಿಟಕಿಯ ಬಳಿ ಮೊರ ಹಿಡಿದು ಕೂತು, ಹೋಗಿ ಬರುವ ಮಕ್ಕಳನ್ನೆಲ್ಲ, "ಏ, ಶೂ ಲೇಸು ಕಟ್ಕೊಳ್ಳೋ!" ಎಂದು ಗದರಿಸತೊಡಗಿದಳು. ಶಾಲೆಗೆ ಎರಡನೇ ಇಸ್ತ್ರಿಪೆಟ್ಟಿಗೆ ಬಂದಿದೆ ಎಂದು ಮಕ್ಕಳು ಆಡಿಕೊಂಡರು.

ಏಪ್ರಿಲ್ ಕೊನೆಗೆ ಲುವೋ ಫಲಿತಾಂಶ ಹಿಡಿದು ಬಂದಳು. ನಮ್ಮ ಶಾಲೆಯ ಆರು ಕ್ಲಾಸುಗಳಲ್ಲಿ ನನ್ನದು ಆರನೆಯದು.

"ನೋಡಿ ಮು ಟೀಚರ್, ಕೊನೆ!" ಅಂದರು ಹೆಡ್ಮಾಸ್ಟರ್.

"ಹೌದು ಸಾರ್, ನಿಜವಾಗಿ ಕೊನೆ. ಉಳಿದ ಐದು ನಿಜವಾಗಿ ಮುಂದಿದಾವಾ ಅಂತ ಆ ಟೀಚರುಗಳನ್ನ ಕೇಳಿ."

ಸ್ಟಾಫ್ ರೂಮಿನಲ್ಲೇ ಕೂತಿದ್ದ ಆ ಐವರೂ ತಂತಮ್ಮ ಟೀ ಲೋಟದೊಳಗೆ ನೋಡಿಕೊಂಡರು. ಲುವೋ ಮಾತ್ರ ನನ್ನ ಕಡೆ ತಿರುಗಿ, "ಕೊನೆ ಅಂತ ಯಾಕಂತೀರಿ ಮೇಡಂ? ಏಳು ಮಕ್ಕಳು ನಂಗೆ ಸಹಾಯ ಬೇಕು ಅಂತ ಬರೆದಿದಾರೆ. ಬಿದ್ದಿದೀನಿ ಅಂತ ಒಪ್ಕೊಂಡ ಮೇಲೆ ತಾನೇ ಏಳೋದು," ಅಂದಳು. ಗುರುವಾರದ ಪಿರಿಯಡ್ಡನ್ನು ಅವತ್ತಿನಿಂದ ನಾನು ಬೀಜಗಣಿತಕ್ಕೆ ತೆಗೆದುಕೊಂಡಿಲ್ಲ.

ಅದೇ ಮಧ್ಯಾಹ್ನ ಕ್ಲಾಸಿನಲ್ಲಿ ಚೈ ಮಿನ್ ನೆನಪಿಸಿದಳು. "ಮಿಸ್, ನಲವತ್ತು ಬಾಕಿ."

ಬರೆದಿಟ್ಟುಕೊಂಡಿದ್ದೆ. ಕಸದ ಬುಟ್ಟಿಯ ಪಕ್ಕ ನಿಂತು ಓದಿದೆ.

"ಒಬ್ಬರು ನಿಜ ಬರೆದರು. ಅದರಿಂದಲೇ ಐವತ್ತೆರಡು ಮಂದಿಗೆ ಒಳ್ಳೆಯದಾಯಿತು. ಆ ಐವತ್ತೆರಡನೆಯವಳು ನಾನು."

ಚೈ ಮಿನ್ ಬೆರಳು ಮಡಚಿ ಎಣಿಸಿದಳು. ಇನ್ನೊಂದು ಸಲ ಎಣಿಸಿದಳು. "ಸರಿಯಾಗಿ ನಲವತ್ತು. ಪಾಸ್ ಮಿಸ್!"

ಚಪ್ಪಾಳೆಯ ನಡುವೆ ಮೂರನೇ ಸಾಲಿನಲ್ಲಿ ಒಬ್ಬಳು ಮಾತ್ರ ಪುಸ್ತಕದೊಳಗೆ ಮುಖ ಹುದುಗಿಸಿ ಕೂತಿದ್ದಳು. ಗಂಟೆ ಬಾರಿಸಿ ಎಲ್ಲರೂ ಹೋದ ಮೇಲೆ ಎದ್ದು ಬಂದು ಬೋರ್ಡು ಒರೆಸಿದಳು. ಆಮೇಲೆ ಚೀಲದಿಂದ ನಾಲ್ಕಾಗಿ ಮಡಚಿದ ಆ ಹಾಳೆ ತೆಗೆದಳು. ಲುವೋ ಅದನ್ನು ಲೆಕ್ಕಕ್ಕೆ ಸೇರಿಸದೆ ಅವಳ ಹತ್ತಿರವೇ ಇರಲಿ ಎಂದು ಬಿಟ್ಟಿದ್ದಳು.

"ಹದಿನಾಲ್ಕನೇದು ತುಂಬಿದೀನಿ ಮಿಸ್. ನೋಡ್ತೀರಾ?"

ನೋಡಿದೆ. ನಾಲ್ಕಕ್ಕೆ ಸುತ್ತು ಹಾಕಿದ್ದಳು. ಮೆತ್ತಗೆ, ಹಾಳೆ ತೂತಾಗದ ಹಾಗೆ.

"ನಾಲ್ಕು ಯಾಕೆ?" ಅಂದೆ. ಮನಸ್ಸಿನೊಳಗೆ ಒಂಚೂರು ಪಿಚ್ಚೆನ್ನಿಸಿತ್ತು, ಸುಳ್ಳೇಕೆ ಹೇಳಲಿ.

"ಐದು ಹಾಕಿದ್ರೆ ನೀವೇ ಹೇಳಿಕೊಟ್ಟಿದ್ದು ಅಂದ್ಕೋತಾರೆ ಮಿಸ್," ಅಂದಳು ಚುನ್‌ಯೆ, ಡಸ್ಟರ್ ಕೊಡವುತ್ತ.